ಮನೆಯಲ್ಲಿ ಕೊರೊನಾ ನೆಗಡಿ: ಯಾವುದನ್ನು ನೋಡಬೇಕು, ಯಾವಾಗ ಓಡಬೇಕು

ಈಗ ದೊಡ್ಡ ಆಸ್ಪತ್ರೆಗೆ ಕೆಮ್ಮು, ಜ್ವರ ಎಂದು ಹೋದರೆ ಮೂಗಿನಿಂದ ಸ್ಯಾಂಪಲ್ ತೆಗೆದು ಹತ್ತಾರು ವೈರಸ್‌ಗಳನ್ನು ಒಂದೇ ಸಲ ಹುಡುಕುವ ಪ್ಯಾನೆಲ್ ಟೆಸ್ಟ್ ಬರೆಯುತ್ತಾರೆ. ರಿಪೋರ್ಟ್ ಮೊಬೈಲಿಗೆ ಬರುತ್ತದೆ. ಅದರಲ್ಲಿ ‘ಕೊರೊನಾವೈರಸ್ ಓಸಿ43 ಪಾಸಿಟಿವ್’ ಎಂದಿದ್ದರೆ ಮನೆಯವರ ಕೈಕಾಲೇ ಆಡುವುದಿಲ್ಲ. 2021ರ ಏಪ್ರಿಲ್, ಮೇ ತಿಂಗಳಲ್ಲಿ ಬೆಡ್ಡಿಗಾಗಿ, ಆಕ್ಸಿಜನ್ನಿಗಾಗಿ ಅಲೆದವರಿಗೆ ಆ ಒಂದು ಪದ ಸಾಕು. ಆ ಭಯವನ್ನು ನಾನು ಹಗುರವಾಗಿ ನೋಡುವುದಿಲ್ಲ.

ಆದರೆ ಓಸಿ43 ಕೋವಿಡ್ ಅಲ್ಲ. ಅದು ನಮ್ಮ ಅಜ್ಜ, ಅಜ್ಜಿಗೂ ಬಂದು ಹೋಗಿರಬಹುದಾದ ನೆಗಡಿ ವೈರಸ್. ಇನ್ನೊಂದು ಕಡೆ, ‘ಬರೀ ನೆಗಡಿ ವೈರಸ್ ಅಂತೆ’ ಎಂದು ಎಂಬತ್ತು ದಾಟಿದ ಅಜ್ಜನನ್ನು ಸುಮ್ನೆ ಮಲಗಿಸಿಬಿಡುವುದೂ ತಪ್ಪು. ನನ್ನ ಮಾತು ಇಷ್ಟೇ: ರಿಪೋರ್ಟಿನಲ್ಲಿರುವ ಹೆಸರಿಗಿಂತ ಮೊದಲು ಮೂರು ಸಂಗತಿ ನೋಡಿ. ರೋಗಿಯ ಉಸಿರು ಹೇಗಿದೆ, ವಯಸ್ಸೆಷ್ಟು, ಇದು ಎಷ್ಟನೇ ದಿನ. ಮನೆಯಲ್ಲಿ ಯಾರಿಗಾದರೂ ಶೀತ, ಜ್ವರ ಶುರುವಾದ ದಿನದಿಂದ ಏನೇನು ಮಾಡಬೇಕು ಎಂದು ಒಂದೊಂದಾಗಿ ಹೇಳುತ್ತೇನೆ. ನಿಮ್ಮ ಡಾಕ್ಟರು ನೋಡಿ ಹೇಳಿದ್ದಕ್ಕೂ ಇಲ್ಲಿರುವುದಕ್ಕೂ ವ್ಯತ್ಯಾಸ ಬಂದರೆ ಅವರ ಮಾತನ್ನೇ ಕೇಳಿ.

ಹೆಜ್ಜೆ 1: ಯಾವ ಕೊರೊನಾ ಎಂದು ಓದಿಕೊಳ್ಳಿ

ಕೊರೊನಾ ಎನ್ನುವುದು ಒಂದು ಮನೆತನದ ಹೆಸರು ಇದ್ದಂತೆ. ಮನುಷ್ಯರಿಗೆ ಕಾಯಿಲೆ ತರುವವು ಎಂದು ಚೆನ್ನಾಗಿ ಗೊತ್ತಿರುವವರು ಆ ಮನೆಯಲ್ಲಿ ಏಳು ಜನ. ನಾಲ್ವರು ವರ್ಷವರ್ಷವೂ ಬಂದು ಹೋಗುವವರು: 229ಇ, ಓಸಿ43, ಎನ್‌ಎಲ್63, ಎಚ್‌ಕೆಯು1. ಉಳಿದ ಮೂವರು ಸಾರ್ಸ್, ಮರ್ಸ್ ಮತ್ತು ಕೋವಿಡ್ ತರುವ ಸಾರ್ಸ್-ಕೋವ್-2.

ಮೊದಲ ಎರಡು ಸಿಕ್ಕಿದ್ದು 1960ರ ದಶಕದಲ್ಲಿ. 229ಇ ಶಿಕಾಗೋದಲ್ಲಿ ನೆಗಡಿಯಾಗಿದ್ದ ವೈದ್ಯಕೀಯ ವಿದ್ಯಾರ್ಥಿಗಳ ಸ್ಯಾಂಪಲ್‌ನಿಂದ ಬಂತು. ಓಸಿ43 ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಲ್ಯಾಬಿನಲ್ಲಿ ಸಿಕ್ಕಿತು. ಅದೇ ಹೊತ್ತಿಗೆ ಲಂಡನ್ನಿನಲ್ಲಿ ಜೂನ್ ಅಲ್ಮೇಡಾ ಎಂಬಾಕೆ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಮನುಷ್ಯರ ಕೊರೊನಾವೈರಸ್ಸಿನ ಸ್ಪಷ್ಟ ಚಿತ್ರ ತೆಗೆದರು. ಆಕೆ ಗ್ಲಾಸ್ಗೋದ ಬಸ್ ಡ್ರೈವರ್ ಒಬ್ಬರ ಮಗಳು. 16ನೇ ವಯಸ್ಸಿಗೆ ಶಾಲೆ ಬಿಟ್ಟು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದವರು. ಕೋವಿಡ್ ಬರುವ ಮೊದಲು ಅವರ ಹೆಸರು ಹೆಚ್ಚು ಜನರಿಗೆ ಗೊತ್ತೇ ಇರಲಿಲ್ಲ ಎಂಬುದು ನನಗೆ ಬೇಸರದ ಸಂಗತಿ.

2004ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ 7 ತಿಂಗಳ ಮಗುವಿನಲ್ಲಿ ಎನ್‌ಎಲ್63 ಪತ್ತೆಯಾಯಿತು. ಮರುವರ್ಷ ಹಾಂಗ್‌ಕಾಂಗ್ ವಿಶ್ವವಿದ್ಯಾಲಯದವರು ನ್ಯುಮೋನಿಯಾ ಬಂದಿದ್ದ 71 ವರ್ಷದ ವ್ಯಕ್ತಿಯೊಬ್ಬರಲ್ಲಿ ಎಚ್‌ಕೆಯು1 ಕಂಡರು. ಇವೆರಡೂ ಆಗ ಹುಟ್ಟಿದವಲ್ಲ. ಮೊದಲೇ ಇದ್ದವು, ನಮಗೆ ಕಂಡಿದ್ದು ಆಗ. ಈ ನಾಲ್ಕರಲ್ಲಿ ಕೆಲವಾದರೂ ನಮ್ಮಲ್ಲಿ ಬಹುತೇಕರಿಗೆ ಚಿಕ್ಕಂದಿನಲ್ಲೇ ತಗುಲಿರುತ್ತವೆ. ದೊಡ್ಡವರ ನೆಗಡಿಯಲ್ಲಿ ಸುಮಾರು ಶೇ. 10ರಿಂದ 30ರಷ್ಟು ಇವುಗಳಿಂದಲೇ ಬರುತ್ತವೆ. ನೆಗಡಿಗೆ ಎಲ್ಲಕ್ಕಿಂತ ಜಾಸ್ತಿ ಕಾರಣ ರೈನೋವೈರಸ್ ಎಂಬ ಬೇರೆಯೇ ಗುಂಪು.

ಎನ್‌ಎಲ್63 ಬಗ್ಗೆ ಒಂದು ಮಾತು ಹೇಳಲೇಬೇಕು. ಕೋವಿಡ್ ವೈರಸ್ ನಮ್ಮ ಜೀವಕೋಶದೊಳಗೆ ನುಗ್ಗಲು ಬಳಸುವ ಎಸಿಇ2 ಎಂಬ ಪ್ರೋಟೀನನ್ನೇ ಇದೂ ಬಳಸುತ್ತದೆ. ಆದರೂ ಎನ್‌ಎಲ್63 ತರುವುದು ಹೆಚ್ಚಾಗಿ ನೆಗಡಿ, ಚಿಕ್ಕ ಮಕ್ಕಳಲ್ಲಿ ಗಂಟಲು ಬಿಗಿಯುವ ಕೆಮ್ಮು. ಒಳಗೆ ಬರುವ ದಾರಿ ಒಂದೇ ಆದರೂ ಆಗುವ ಹಾನಿ ಒಂದೇ ಅಲ್ಲ. ‘ಅದೂ ಕೊರೊನಾ, ಇದೂ ಕೊರೊನಾ’ ಎಂದು ಒಂದೇ ತಕ್ಕಡಿಗೆ ಹಾಕಬೇಡಿ ಎನ್ನುವುದು ಇದಕ್ಕೇ.

ಸಾರ್ಸ್ 2002ರ ಕೊನೆಯಲ್ಲಿ ಚೀನಾದ ಗ್ವಾಂಗ್‌ಡಾಂಗಿನಲ್ಲಿ ಶುರುವಾಗಿ 8,000ಕ್ಕೂ ಹೆಚ್ಚು ಜನರಿಗೆ ಹರಡಿತು. 774 ಜನ ತೀರಿಕೊಂಡರು. 2003ರ ಜುಲೈ ಹೊತ್ತಿಗೆ ಹರಡುವಿಕೆ ನಿಂತಿತು. ಹಾಗಾಗಿ ಇವತ್ತು ನಿಮ್ಮ ರಿಪೋರ್ಟಿನಲ್ಲಿ ಇರಬಹುದಾದ್ದು ನಾಲ್ಕು ನೆಗಡಿ ವೈರಸ್‌ಗಳಲ್ಲಿ ಒಂದು, ಇಲ್ಲವೇ ಕೋವಿಡ್. ಮರ್ಸ್ ಬಗ್ಗೆ ಮುಂದಿನ ಹೆಜ್ಜೆಯಲ್ಲಿ ಹೇಳುತ್ತೇನೆ.

ಹೆಜ್ಜೆ 2: ಮೊದಲ ದಿನವೇ ಒಂದು ಚೀಟಿ ಬರೆದಿಡಿ

ಕ್ಯಾಲೆಂಡರಿನ ಮೂಲೆಯಲ್ಲಾದರೂ ಸರಿ. ಗಂಟಲು ಕೆರೆತವೋ ಮೈಕೈ ನೋವೋ ಶುರುವಾದ ದಿನವನ್ನು ‘1ನೇ ದಿನ’ ಎಂದು ಗುರುತು ಹಾಕಿ. ಜ್ವರ ಎಷ್ಟಿತ್ತು, ಯಾವ ಮಾತ್ರೆ ಎಷ್ಟು ಗಂಟೆಗೆ ಕೊಟ್ಟಿರಿ, ಬರೆಯಿರಿ. ಡಾಕ್ಟರ ಮುಂದೆ ಕೂತಾಗ ‘ಮೊನ್ನೆಯಿಂದಲೋ ಆಚೆ ಮೊನ್ನೆಯಿಂದಲೋ’ ಎನ್ನುವುದಕ್ಕಿಂತ ಈ ಚೀಟಿ ತುಂಬಾ ಉಪಯೋಗಕ್ಕೆ ಬರುತ್ತದೆ.

ದಿನ ಯಾಕೆ ಮುಖ್ಯ? ಮಾಮೂಲಿ ನೆಗಡಿ ಎರಡು ಮೂರನೇ ದಿನಕ್ಕೆ ಜೋರಾಗಿ, ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ಕೋವಿಡ್ ಗಂಭೀರವಾಗುವವರಲ್ಲಿ ಹಲವರಿಗೆ ಉಸಿರಿನ ತೊಂದರೆ ಕಾಣಿಸಿದ್ದು 5ರಿಂದ 10ನೇ ದಿನದ ಒಳಗೆ. ಮೊದಲ ನಾಲ್ಕು ದಿನ ಓಡಾಡಿಕೊಂಡಿದ್ದವರು ಏಳನೇ ದಿನ ಕುಸಿದರು. ಇಳಿದಿದ್ದ ಜ್ವರ ಒಂದೆರಡು ದಿನ ಬಿಟ್ಟು ಮತ್ತೆ ಏರಿದರೂ ಎಚ್ಚರ ಬೇಕು. ವೈರಸ್ಸಿನ ಹಿಂದೆಯೇ ಬ್ಯಾಕ್ಟೀರಿಯಾದ ನ್ಯುಮೋನಿಯಾ ಬಂದಿರಬಹುದು.

ಅದೇ ಚೀಟಿಯಲ್ಲಿ ಪ್ರಯಾಣವನ್ನೂ ಬರೆಯಿರಿ. ಮಂಗಳೂರು, ಉಡುಪಿ, ಭಟ್ಕಳ, ಕಲಬುರಗಿ ಕಡೆಯ ಎಷ್ಟೋ ಮನೆಗಳಲ್ಲಿ ಯಾರಾದರೊಬ್ಬರು ಗಲ್ಫಿನಲ್ಲಿ ಇದ್ದೇ ಇರುತ್ತಾರೆ. ಉಮ್ರಾ, ಹಜ್‌ಗೆ ಹೋಗಿ ಬರುವವರೂ ಇದ್ದಾರೆ. ಮರ್ಸ್ ವೈರಸ್ 2012ರಲ್ಲಿ ಸೌದಿ ಅರೇಬಿಯಾದಲ್ಲಿ ಪತ್ತೆಯಾಯಿತು. ಅದು ಒಂಟೆಗಳಿಂದ ಮನುಷ್ಯರಿಗೆ ಬರುತ್ತದೆ. ಇಲ್ಲಿಯವರೆಗೆ ಲೆಕ್ಕಕ್ಕೆ ಬಂದವರು ಸುಮಾರು 2,600 ಜನ. ಅವರಲ್ಲಿ ಮೂರನೇ ಒಂದಕ್ಕಿಂತ ಜಾಸ್ತಿ ಜನ ಉಳಿಯಲಿಲ್ಲ. ಅಪರೂಪದ ಕಾಯಿಲೆ, ಆದರೆ ಭಾರೀ ಕಾಯಿಲೆ.

2015ರಲ್ಲಿ ಮಧ್ಯಪ್ರಾಚ್ಯದಿಂದ ದಕ್ಷಿಣ ಕೊರಿಯಾಕ್ಕೆ ಮರಳಿದ ಒಬ್ಬರು ಜ್ವರ ಬಂದಾಗ ಒಂದರ ನಂತರ ಒಂದು ಆಸ್ಪತ್ರೆಗೆ ಹೋದರು. ಮರ್ಸ್ ಎಂದು ಗೊತ್ತಾಗುವಷ್ಟರಲ್ಲಿ ವಾರ್ಡುಗಳಲ್ಲಿ ಹರಡಿಯಾಗಿತ್ತು. ಆ ಒಬ್ಬರಿಂದ ಶುರುವಾದ ಸರಪಳಿಯಲ್ಲಿ 186 ಜನರಿಗೆ ಸೋಂಕು ತಗುಲಿತು, 38 ಜನ ಸತ್ತರು. ಆದ್ದರಿಂದ ಗಲ್ಫಿನಿಂದ ಬಂದು 14 ದಿನದೊಳಗೆ ಜ್ವರ, ಕೆಮ್ಮು, ಏದುಸಿರು ಕಾಣಿಸಿದರೆ ಓಪಿಡಿ ಸಾಲಿನಲ್ಲಿ ನಿಲ್ಲುವ ಮೊದಲೇ ಮಾಸ್ಕ್ ಹಾಕಿಕೊಂಡು ‘ನಾನು ಇಂಥ ದಿನ ಸೌದಿಯಿಂದ ಬಂದೆ’ ಎಂದು ಕೌಂಟರಿನಲ್ಲಿ ಹೇಳಿ. ಒಂಟೆ ಫಾರ್ಮಿಗೆ ಹೋಗಿದ್ದರೆ, ಕಾಯಿಸದ ಒಂಟೆ ಹಾಲು ಕುಡಿದಿದ್ದರೆ, ಅದನ್ನೂ ಹೇಳಿ. ಅಲ್ಲಿನ ಆಸ್ಪತ್ರೆಗೆ ಹೋಗಿದ್ದರೆ ಅದನ್ನೂ ಬಿಡಬೇಡಿ.

ಹೆಜ್ಜೆ 3: ಉಸಿರು ಎಣಿಸಿ

ಈ ಲೇಖನದಲ್ಲಿ ಒಂದೇ ಒಂದು ಭಾಗ ನೆನಪಿಟ್ಟುಕೊಳ್ಳುತ್ತೀರಿ ಎಂದರೆ ಇದನ್ನೇ ಇಟ್ಟುಕೊಳ್ಳಿ. ದುಡ್ಡು ಬೇಡ, ಯಂತ್ರ ಬೇಡ. ಸೆಕೆಂಡು ಮುಳ್ಳಿರುವ ಗಡಿಯಾರ ಅಥವಾ ಮೊಬೈಲ್ ಸಾಕು.

ಮಗುವಾದರೆ ಅಳದೆ ಇರುವಾಗ, ಸಾಧ್ಯವಾದರೆ ಮಲಗಿರುವಾಗ ಎಣಿಸಿ. ಅಂಗಿ ಮೇಲೆತ್ತಿ ಹೊಟ್ಟೆ, ಎದೆ ನೋಡಿ. ಹೊಟ್ಟೆ ಮೇಲೆದ್ದು ಇಳಿದರೆ ಒಂದು ಉಸಿರು. ಪೂರ್ತಿ ಒಂದು ನಿಮಿಷ ಎಣಿಸಬೇಕು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಡಿ, ಚಿಕ್ಕ ಮಕ್ಕಳ ಉಸಿರು ಒಂದೇ ಲಯದಲ್ಲಿ ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಹೀಗಿದೆ. 2 ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅದು ವೇಗದ ಉಸಿರು. 2 ತಿಂಗಳಿಂದ 1 ವರ್ಷದವರೆಗೆ ಈ ಗಡಿ 50. 1ರಿಂದ 5 ವರ್ಷದವರೆಗೆ 40. ಜ್ವರ ಜೋರಾಗಿದ್ದಾಗ ಉಸಿರು ಸ್ವಲ್ಪ ಏರುತ್ತದೆ. ಹಾಗಾಗಿ ಜ್ವರ ಇಳಿದ ಮೇಲೆ ಇನ್ನೊಮ್ಮೆ ಎಣಿಸಿ. ಆಗಲೂ ಗಡಿ ದಾಟಿದ್ದರೆ ಅದೇ ದಿನ ಡಾಕ್ಟರಿಗೆ ತೋರಿಸಿ.

ಎಣಿಕೆಯ ಜೊತೆಗೆ ಎದೆಯನ್ನೂ ನೋಡಿ. ಉಸಿರು ಎಳೆದುಕೊಂಡಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದೆಯಾ? ಮೂಗಿನ ಹೊಳ್ಳೆ ಅರಳುತ್ತಿದೆಯಾ? ಪ್ರತಿ ಉಸಿರಿಗೂ ನರಳುತ್ತಿದೆಯಾ? ಹಾಲು ಕುಡಿಯಲು ಬಾಯಿ ಹಾಕಿ, ಉಸಿರು ಸಾಲದೆ ಬಿಟ್ಟುಬಿಡುತ್ತಿದೆಯಾ? ಇವುಗಳಲ್ಲಿ ಒಂದಿದ್ದರೂ ಬೆಳಗಾಗಲಿ ಎಂದು ಕಾಯಬೇಡಿ. ತುಟಿ ನೀಲಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಂತೆ ಮಂಕಾಗಿದ್ದರೆ, ಕುಡಿಸಿದ್ದೆಲ್ಲ ವಾಂತಿಯಾದರೆ 108ಕ್ಕೆ ಫೋನ್ ಮಾಡಿ. 3 ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಉಸಿರು ಸರಿಯಿದ್ದರೂ ಆಸ್ಪತ್ರೆಗೇ ಹೋಗಬೇಕು.

ಎನ್‌ಎಲ್63 ಇದ್ದಾಗ ಕಾಣುವ ಇನ್ನೊಂದು ಲಕ್ಷಣವಿದೆ. ಸಂಜೆ ಆಡಿಕೊಂಡಿದ್ದ ಮಗು ನಡುರಾತ್ರಿ ಎದ್ದು ನಾಯಿ ಬೊಗಳಿದ ಹಾಗೆ ಕೆಮ್ಮಲು ಶುರು ಮಾಡುತ್ತದೆ. ಸ್ವರ ಒಡೆದಿರುತ್ತದೆ. ಉಸಿರು ಒಳಗೆಳೆದಾಗ ಗಂಟಲಿನಲ್ಲಿ ಕರ್ಕಶ ಸದ್ದು ಬರುತ್ತದೆ. ಇದನ್ನು ಡಾಕ್ಟರುಗಳು ಕ್ರೂಪ್ ಎನ್ನುತ್ತಾರೆ. ಬೇರೆ ವೈರಸ್‌ಗಳಿಂದಲೂ ಬರುತ್ತದೆ. ಧ್ವನಿಪೆಟ್ಟಿಗೆಯ ಸುತ್ತ ಊದಿಕೊಂಡು ದಾರಿ ಕಿರಿದಾಗಿರುತ್ತದೆ, ಅಷ್ಟೇ ಅದರ ಕಾರಣ. ಮಗುವನ್ನು ಎತ್ತಿ ನೆಟ್ಟಗೆ ಕೂರಿಸಿಕೊಳ್ಳಿ, ಸಮಾಧಾನ ಮಾಡಿ. ಅತ್ತಷ್ಟೂ ದಾರಿ ಇನ್ನೂ ಬಿಗಿಯುತ್ತದೆ. ಬೆರಳು ಹಾಕಿ ಗಂಟಲು ನೋಡಲು ಹೋಗಬೇಡಿ. ಸುಮ್ಮನೆ ಕೂತಿದ್ದಾಗಲೂ ಆ ಸದ್ದು ಕೇಳಿಸುತ್ತಿದ್ದರೆ ಆಸ್ಪತ್ರೆಗೆ ಹೊರಡಿ. ಅಲ್ಲಿ ಕೊಡುವ ಒಂದು ಡೋಸ್ ಸ್ಟಿರಾಯ್ಡ್‌ನಿಂದ ಹೆಚ್ಚಿನ ಮಕ್ಕಳು ಕೆಲವೇ ಗಂಟೆಯಲ್ಲಿ ಸುಧಾರಿಸುತ್ತಾರೆ.

ದೊಡ್ಡವರಿಗೆ ಮಾತಿನ ಪರೀಕ್ಷೆ ಸಾಕು. ಒಂದು ಪೂರ್ತಿ ವಾಕ್ಯ ನಡುವೆ ಉಸಿರು ತೆಗೆದುಕೊಳ್ಳದೆ ಹೇಳಲು ಆಗುತ್ತದೆಯಾ? ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು ಬರುತ್ತಿದೆಯಾ? ಕೂತಿದ್ದಾಗಲೇ ನಿಮಿಷಕ್ಕೆ 24ಕ್ಕಿಂತ ಜಾಸ್ತಿ ಉಸಿರು ಇದ್ದರೆ ಡಾಕ್ಟರಿಗೆ ತೋರಿಸಬೇಕು, 30 ದಾಟಿದರೆ ತಡ ಮಾಡಲೇಬಾರದು. ಎದೆ ಒತ್ತಿದ ಹಾಗೆ ನೋವು, ಇದ್ದಕ್ಕಿದ್ದಂತೆ ಗೊಂದಲದ ಮಾತು, ಇವೂ ಅದೇ ಸಾಲಿಗೆ ಸೇರುತ್ತವೆ.

2020ರಲ್ಲಿ ಕೊಂಡ ಆಕ್ಸಿಮೀಟರ್ ಡ್ರಾಯರಿನಲ್ಲಿ ಬಿದ್ದಿದ್ದರೆ ಸೆಲ್ ಹಾಕಿ ನೋಡಿ. ಐದು ನಿಮಿಷ ಸುಮ್ನೆ ಕೂತ ಮೇಲೆ, ಬೆಚ್ಚಗಿರುವ ಬೆರಳಿಗೆ ಹಾಕಬೇಕು. ನೈಲ್ ಪಾಲಿಶ್, ಮದರಂಗಿ ಇದ್ದರೆ ಅಂಕಿ ತಪ್ಪಬಹುದು. ಮೊದಲ ಅಂಕಿಯನ್ನೇ ನಂಬಬೇಡಿ, ನಿಲ್ಲುವವರೆಗೆ ಕಾಯಿರಿ. ಆಕ್ಸಿಜನ್ ಅಂಕಿ 94ಕ್ಕಿಂತ ಕೆಳಗೆ ನಿಂತರೆ ಡಾಕ್ಟರಿಗೆ ಫೋನ್ ಮಾಡಿ, 90ಕ್ಕಿಂತ ಕೆಳಗಿದ್ದರೆ ನೇರ ಆಸ್ಪತ್ರೆಗೆ ಹೋಗಿ. ಮೈಬಣ್ಣ ಕಪ್ಪಾಗಿದ್ದವರಲ್ಲಿ ಈ ಯಂತ್ರ ಕೆಲವೊಮ್ಮೆ ನಿಜಕ್ಕಿಂತ ಜಾಸ್ತಿ ತೋರಿಸುತ್ತದೆ. ನಮ್ಮಲ್ಲಿ ಇದನ್ನು ಹೇಳುವವರೇ ಕಡಿಮೆ. ಅಂಕಿ 96 ಇದ್ದರೂ ಮನುಷ್ಯ ಏದುಸಿರು ಬಿಡುತ್ತಿದ್ದರೆ ಮನುಷ್ಯನನ್ನು ನಂಬಿ, ಯಂತ್ರವನ್ನಲ್ಲ.

ಹೆಜ್ಜೆ 4: ಮನೆಯಲ್ಲಿ ಯಾರ ಮೇಲೆ ಕಣ್ಣಿಡಬೇಕು

2003ರ ಬೇಸಿಗೆಯಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ ಕೆಮ್ಮು, ಜ್ವರ ಹರಡಿತು. ಆಗಷ್ಟೇ ಸಾರ್ಸ್ ಜಗತ್ತನ್ನು ಹೆದರಿಸಿ ಹೋಗಿತ್ತು. ಮೊದಮೊದಲ ಟೆಸ್ಟುಗಳೂ ಸಾರ್ಸ್ ಇರಬಹುದು ಎಂಬಂತೆ ತೋರಿಸಿದವು. ಸರಿಯಾಗಿ ಹುಡುಕಿದಾಗ ಸಿಕ್ಕಿದ್ದು ಓಸಿ43. ಎರಡೂ ಒಂದೇ ಮನೆತನದವು ಆದ್ದರಿಂದ ಟೆಸ್ಟು ಮೋಸ ಹೋಗಿತ್ತು. ಸಾರ್ಸ್ ಅಲ್ಲ ಎಂದು ಎಲ್ಲರಿಗೂ ನಿಟ್ಟುಸಿರು ಬಂದಿರಬೇಕು ಅಲ್ವಾ? ಆದರೆ ಲೆಕ್ಕ ನೋಡಿ. ಅಲ್ಲಿದ್ದ 142 ವೃದ್ಧರಲ್ಲಿ 95 ಜನರಿಗೆ ಕಾಯಿಲೆ ಬಂತು. 8 ಜನ ತೀರಿಕೊಂಡರು.

ಆರೈಕೆ ಮಾಡುವ ನಲವತ್ತರ ಹೆಂಗಸಿಗೆ ಮೂರು ದಿನದ ಮೂಗು ಸೋರುವಿಕೆ ಆಗಿ ಮುಗಿಯುವುದು, ಹಾಸಿಗೆ ಹಿಡಿದ ಎಂಬತ್ತೈದರ ಅಜ್ಜಿಗೆ ನ್ಯುಮೋನಿಯಾ ಆಗಬಹುದು. ವೈರಸ್ ಅದೇ, ದೇಹ ಬೇರೆ. ಅದಕ್ಕೇ ಮನೆಯಲ್ಲಿ ನೆಗಡಿ ಬಂದ ದಿನ ಒಮ್ಮೆ ಯೋಚಿಸಿ: 65 ದಾಟಿದವರು, ಎಳೆಗೂಸು, ಬಸುರಿ, ಸಕ್ಕರೆ ಕಾಯಿಲೆಯವರು, ಹೃದಯದ ಅಥವಾ ಕಿಡ್ನಿಯ ತೊಂದರೆ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಅಂಗ ಕಸಿ ಮಾಡಿಸಿಕೊಂಡವರು ಯಾರಿದ್ದಾರೆ? ಅವರಿಗೆ ಕಾಯಿಲೆ ಬಂದರೆ ಎರಡನೇ ದಿನವೇ ಡಾಕ್ಟರ ಸಲಹೆ ಕೇಳಿ. ಬರದಿದ್ದರೆ, ಬಾರದಂತೆ ನೋಡಿಕೊಳ್ಳಿ.

ವಯಸ್ಸಾದವರಲ್ಲಿ ಜ್ವರವೇ ಬಾರದೆ ಇರಬಹುದು. ಊಟ ಬಿಟ್ಟರು, ದಿನವಿಡೀ ತೂಕಡಿಸುತ್ತಿದ್ದಾರೆ, ಎದ್ದು ನಡೆಯಲು ಹೋಗಿ ಬಿದ್ದರು, ಮೊಮ್ಮಗನ ಹೆಸರು ತಪ್ಪಿ ಕರೆದರು. ಇದನ್ನು ‘ವಯಸ್ಸಾಯ್ತು’ ಎಂದು ತಳ್ಳಿಹಾಕಬೇಡಿ. ಉಸಿರು ಎಣಿಸಿ.

ಅಸ್ತಮಾ ಇರುವವರಿಗೆ ನೆಗಡಿ ವೈರಸ್‌ಗಳೇ ದಮ್ಮು ಎಬ್ಬಿಸುವ ದೊಡ್ಡ ಕಾರಣ. ನೆಗಡಿ ಬಂತೆಂದು ದಿನದ ಇನ್‌ಹೇಲರ್ ನಿಲ್ಲಿಸುವವರಿದ್ದಾರೆ. ದಯವಿಟ್ಟು ನಿಲ್ಲಿಸಬೇಡಿ, ಅದು ಬೇಕಾಗುವುದೇ ಈಗ.

ಹೆಜ್ಜೆ 5: ಟೆಸ್ಟ್ ಬೇಕಾ?

ಆರೋಗ್ಯವಾಗಿದ್ದ ಮೂವತ್ತರ ವ್ಯಕ್ತಿಗೆ ನೆಗಡಿ ಬಂದು, ಉಸಿರು ಸರಿಯಿದ್ದರೆ ಸಾವಿರಾರು ರೂಪಾಯಿಯ ಪ್ಯಾನೆಲ್ ಬೇಡ ಎಂದೇ ನನ್ನ ಅಭಿಪ್ರಾಯ. ಓಸಿ43 ಎಂದು ಗೊತ್ತಾದರೂ ಮಾಡುವುದು ಅದೇ ಆರೈಕೆ. ನಾಲ್ಕು ನೆಗಡಿ ಕೊರೊನಾಗಳಿಗೆ ಇವತ್ತಿಗೂ ಔಷಧವಿಲ್ಲ, ಲಸಿಕೆಯೂ ಇಲ್ಲ.

ಮೇಲೆ ಹೇಳಿದ ಅಪಾಯದ ಪಟ್ಟಿಯಲ್ಲಿರುವವರ ವಿಷಯ ಬೇರೆ. ಕೋವಿಡ್ ಆಗಿದ್ದರೆ ಮೊದಲ 5 ದಿನದೊಳಗೆ ಶುರು ಮಾಡಬೇಕಾದ ಮಾತ್ರೆಗಳಿವೆ. ಫ್ಲೂ ಆಗಿದ್ದರೆ ಅದರ ಮಾತ್ರೆ 48 ಗಂಟೆಯೊಳಗೆ ಶುರುವಾದರೆ ಒಳ್ಳೆಯದು. ಹಾಗಾಗಿ ಇವರಿಗೆ ಬೇಗ ಟೆಸ್ಟ್ ಮಾಡಿಸಬೇಕು. ಮೆಡಿಕಲ್ ಶಾಪಿನ ಕೋವಿಡ್ ಕಿಟ್ ಪಾಸಿಟಿವ್ ಬಂದರೆ ನಂಬಬಹುದು. ನೆಗೆಟಿವ್ ಬಂದು ಲಕ್ಷಣ ಇದ್ದರೆ ಎರಡು ದಿನ ಬಿಟ್ಟು ಮತ್ತೆ ಮಾಡಿ, ಇಲ್ಲವೇ ಆರ್‌ಟಿ-ಪಿಸಿಆರ್ ಮಾಡಿಸಿ. ಒಂದು ವಿಷಯ ಗೊತ್ತಿರಲಿ. ಕೋವಿಡ್ ಟೆಸ್ಟ್ ಉಳಿದ ನಾಲ್ಕು ಕೊರೊನಾಗಳನ್ನು ಹಿಡಿಯುವುದಿಲ್ಲ. ಅವು ಪ್ಯಾನೆಲ್‌ನಲ್ಲಿ ಮಾತ್ರ ಕಾಣುತ್ತವೆ.

ನಮ್ಮೂರಿನ ಮಳೆಗಾಲದಲ್ಲಿ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಲೇಬೇಕು: ಇದು ಡೆಂಗಿಯಾ? ಜ್ವರ ಜೋರಾಗಿದೆ, ಕಣ್ಣಿನ ಹಿಂದೆ ನೋವು, ಮೈಕೈ ಮುರಿಯುವ ನೋವು, ಆದರೆ ಮೂಗು ಸೋರುತ್ತಿಲ್ಲ, ಕೆಮ್ಮಿಲ್ಲ. ಆಗ ರಕ್ತ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಐಬುಪ್ರೊಫೆನ್, ಆಸ್ಪಿರಿನ್ ಮುಟ್ಟಬೇಡಿ, ರಕ್ತಸ್ರಾವದ ಅಪಾಯವಿದೆ.

ಹೆಜ್ಜೆ 6: ಏನು ಕೊಡಬೇಕು, ಏನು ಕೊಡಬಾರದು

ಕೊಡಬೇಕಾದ್ದು ಸ್ವಲ್ಪವೇ. ಗಂಜಿ, ಮೆಣಸಿನ ಸಾರು, ಎಳನೀರು, ಬಿಸಿನೀರು, ಏನು ಸೇರುತ್ತದೋ ಅದು. ಮೂತ್ರ ತೆಳು ಹಳದಿ ಇರುವಷ್ಟು ನೀರು ಹೋಗಬೇಕು. ಹೃದಯ, ಕಿಡ್ನಿ ತೊಂದರೆಗೆ ನೀರಿನ ಮಿತಿ ಹೇಳಿದ್ದರೆ ಆ ಮಿತಿಯೊಳಗೇ ಇರಲಿ. ಎಳೆ ಮಗುವಿಗೆ ಎದೆಹಾಲು ಆಗಾಗ ಸ್ವಲ್ಪಸ್ವಲ್ಪ ಕೊಡಿ, ಕುಡಿಸುವ ಮೊದಲು ಮೂಗಿಗೆ ಸಲೈನ್ ಹನಿ ಹಾಕಿ. ಮೂಗು ಬಿಟ್ಟರೆ ಮಗು ಕುಡಿಯುತ್ತದೆ. ವರ್ಷ ದಾಟಿದ ಮಕ್ಕಳ ಕೆಮ್ಮಿಗೆ ಅರ್ಧ ಚಮಚ ಜೇನು ಒಳ್ಳೆಯದು. ವರ್ಷದೊಳಗಿನ ಮಗುವಿಗೆ ಜೇನು ನೆಕ್ಕಿಸಲೇಬಾರದು, ಬಾಟುಲಿಸಮ್ ಎಂಬ ಕಾಯಿಲೆ ಬರಬಹುದು.

ಜ್ವರಕ್ಕೆ ಪ್ಯಾರಾಸಿಟಮಾಲ್. ದೊಡ್ಡವರಿಗೆ 500 ಅಥವಾ 650 ಮಿಲಿಗ್ರಾಂ, ಆರು ಗಂಟೆ ಅಂತರ ಬಿಟ್ಟು, ದಿನಕ್ಕೆ ನಾಲ್ಕಕ್ಕಿಂತ ಜಾಸ್ತಿ ಬೇಡ. ಲಿವರ್ ತೊಂದರೆ ಇರುವವರು, ದಿನಾ ಕುಡಿಯುವವರು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಮಕ್ಕಳಿಗೆ ತೂಕ ನೋಡಿ ಕೊಡಬೇಕು: ಒಂದು ಕೆಜಿಗೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ. ಇಲ್ಲಿ ಎಲ್ಲರೂ ಎಡವುವ ಜಾಗವೊಂದಿದೆ. ಅಂಗಡಿಯಲ್ಲಿ 5 ಮಿಲಿಗೆ 120 ಅಥವಾ 125 ಮಿಲಿಗ್ರಾಂ ಇರುವ ಸಿರಪ್ಪೂ ಸಿಗುತ್ತದೆ, 250 ಇರುವುದೂ ಸಿಗುತ್ತದೆ. ‘ಹೋದ ಸಲ ಒಂದು ಮುಚ್ಚಳ ಕೊಟ್ಟಿದ್ದೆವು’ ಎಂದು ಈ ಸಲವೂ ಅಷ್ಟೇ ಕೊಟ್ಟರೆ ಎರಡು ಪಟ್ಟು ಆಗಿಬಿಡಬಹುದು. ಬಾಟಲಿ ಮೇಲಿನ ಅಂಕಿ ಓದಿ. ಹಾಗೆಯೇ ‘ನೆಗಡಿ ಮಾತ್ರೆ’ ಎಂದು ಕೊಡುವ ಬಹಳಷ್ಟು ಮಾತ್ರೆಗಳೊಳಗೂ ಪ್ಯಾರಾಸಿಟಮಾಲ್ ಇರುತ್ತದೆ. ಎರಡನ್ನೂ ಒಟ್ಟಿಗೆ ನುಂಗಬೇಡಿ. ಅವುಗಳಲ್ಲಿರುವ ಮೂಗು ಬಿಡಿಸುವ ಔಷಧ ಬಿಪಿ ಏರಿಸಬಹುದು, ಬಿಪಿ ಇರುವವರು ಕೇಳಿ ತೆಗೆದುಕೊಳ್ಳಿ.

ಈಗ ಕೊಡಬಾರದ್ದು. ಮೊದಲನೆಯದು, ಅಂಗಡಿಯವರೇ ಕೊಡುವ ಆ್ಯಂಟಿಬಯಾಟಿಕ್. ಮೂರು ದಿನದ ಅಜಿಥ್ರೋಮೈಸಿನ್ ನಮ್ಮಲ್ಲಿ ನೆಗಡಿಯ ಮನೆಮದ್ದೇ ಆಗಿಬಿಟ್ಟಿದೆ. ಅದು ವೈರಸ್ಸನ್ನು ಮುಟ್ಟುವುದೇ ಇಲ್ಲ. ಬ್ರಿಟನ್ನಿನ ರಿಕವರಿ ಎಂಬ ದೊಡ್ಡ ಪ್ರಯೋಗದಲ್ಲಿ ಆಸ್ಪತ್ರೆ ಸೇರಿದ ಕೋವಿಡ್ ರೋಗಿಗಳಿಗೂ ಅದರಿಂದ ಲಾಭ ಕಾಣಲಿಲ್ಲ.

ಎರಡನೆಯದು ಸ್ಟಿರಾಯ್ಡ್. ಇದರ ಬಗ್ಗೆ ನನಗೆ ನಿಜವಾದ ಸಂಕಟವಿದೆ. ಅದೇ ರಿಕವರಿ ಪ್ರಯೋಗ 2020ರಲ್ಲಿ ತೋರಿಸಿದ್ದು ಸ್ಪಷ್ಟವಾಗಿತ್ತು. ಆಕ್ಸಿಜನ್ ಬೇಕಾದವರಲ್ಲಿ ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡ್ ಸಾವು ಕಡಿಮೆ ಮಾಡಿತು, ಆಕ್ಸಿಜನ್ ಬೇಡದವರಿಗೆ ಉಪಯೋಗವಾಗಲಿಲ್ಲ. ಆದರೂ 2021ರಲ್ಲಿ ಮನೆಯಲ್ಲಿದ್ದ ಎಷ್ಟೋ ಜನ ವಾಟ್ಸ್ಯಾಪಿನಲ್ಲಿ ಬಂದ ಔಷಧದ ಚೀಟಿ ನೋಡಿ ಮೊದಲ ದಿನದಿಂದಲೇ ನುಂಗಿದರು. ಸಕ್ಕರೆ ಏರಿತು, ರೋಗ ತಡೆಯುವ ಶಕ್ತಿ ಕುಗ್ಗಿತು. ಬ್ಲ್ಯಾಕ್ ಫಂಗಸ್ ಬಂದು ಕಣ್ಣು, ದವಡೆ, ಜೀವ ಕಳೆದುಕೊಂಡವರಲ್ಲಿ ಬಹಳ ಜನ ಸಕ್ಕರೆ ಕಾಯಿಲೆಯವರು, ಸ್ಟಿರಾಯ್ಡ್ ತೆಗೆದುಕೊಂಡವರು. ಹಳೆಯ ಚೀಟಿ ಇನ್ನೂ ಮನೆಯಲ್ಲಿದ್ದರೆ ಹರಿದು ಹಾಕಿ.

ಮೂರನೆಯದು, ಪುಟ್ಟ ಮಕ್ಕಳಿಗೆ ಕೆಮ್ಮಿನ ಸಿರಪ್. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ವಿಷ ಬೆರೆತ ಸಿರಪ್ ಕುಡಿದು ಕಿಡ್ನಿ ಕೆಟ್ಟು ಮಕ್ಕಳು ಸತ್ತರು. ಅದಾದ ಮೇಲೆ ಕೇಂದ್ರ ಆರೋಗ್ಯ ಇಲಾಖೆ, 2 ವರ್ಷದೊಳಗಿನವರಿಗೆ ಕೆಮ್ಮು ನೆಗಡಿಯ ಸಿರಪ್ ಕೊಡಲೇಬೇಡಿ, 5 ವರ್ಷದೊಳಗೆ ಸಾಮಾನ್ಯವಾಗಿ ಬೇಡ ಎಂದು ಸೂಚನೆ ಕೊಟ್ಟಿತು. ವಿಷ ಬೆರೆಯದಿದ್ದರೂ ಅವುಗಳಿಂದ ಚಿಕ್ಕ ಮಕ್ಕಳಿಗೆ ಹೇಳಿಕೊಳ್ಳುವಂಥ ಲಾಭವಿಲ್ಲ.

ಕರ್ಪೂರವನ್ನು ಎಣ್ಣೆಯಲ್ಲಿ ಕಾಯಿಸಿ ಕೂಸಿನ ಎದೆಗೆ, ಮೂಗಿಗೆ ಹಚ್ಚುವುದು ಹಳೆಯ ಪದ್ಧತಿ. ಅದು ಮೈಗೆ ಸೇರಿದರೆ ಮಕ್ಕಳಿಗೆ ಫಿಟ್ಸ್ ಬರಬಹುದು, ಬೇಡ. ಹಬೆ ತೆಗೆದುಕೊಂಡರೆ ದೊಡ್ಡವರಿಗೆ ಸ್ವಲ್ಪ ಹಿತ ಅನಿಸಬಹುದು, ವೈರಸ್ ಸಾಯುವುದಿಲ್ಲ. ಕುದಿಯುವ ಪಾತ್ರೆಯ ಮುಂದೆ ಮಗುವನ್ನು ಕೂರಿಸಿ ಕಂಬಳಿ ಹೊದಿಸಬೇಡಿ. ಸುಟ್ಟ ಗಾಯದ ವಾರ್ಡಿಗೆ ಹೀಗೆ ಬರುವ ಮಕ್ಕಳಿದ್ದಾರೆ.

ಹೆಜ್ಜೆ 7: ಉಳಿದವರಿಗೆ ಹರಡದಂತೆ

ಈ ವೈರಸ್‌ಗಳು ಹೆಚ್ಚಾಗಿ ಉಸಿರಿನ ಮೂಲಕ, ಮುಚ್ಚಿದ ಕೋಣೆಯ ಗಾಳಿಯಲ್ಲಿ ಹರಡುತ್ತವೆ. ಆದ್ದರಿಂದ ಕಿಟಕಿ ತೆರೆಯುವುದು ನೆಲ ಒರೆಸುವುದಕ್ಕಿಂತ ದೊಡ್ಡ ಕೆಲಸ. ಮಳೆ ಇದ್ದರೂ ಎದುರುಬದುರು ಎರಡು ಕಿಟಕಿ ಸ್ವಲ್ಪ ತೆರೆದಿಡಿ. ಬೇರೆ ಕೋಣೆ ಇಲ್ಲದ ಮನೆಯಲ್ಲಿ ಕಾಯಿಲೆಯವರು ಕಿಟಕಿ ಬದಿಗೆ ಮಲಗಲಿ, ಅಜ್ಜ ಅಜ್ಜಿ ದೂರದ ಮೂಲೆಗೆ. ಆರೈಕೆ ಮಾಡುವವರು ಒಬ್ಬರೇ ಇರಲಿ. ಅವರೂ ಕಾಯಿಲೆಯವರೂ ಮಾಸ್ಕ್ ಹಾಕಿಕೊಳ್ಳಲಿ, ಎನ್95 ಆದರೆ ಒಳ್ಳೆಯದು, ಮೂಗಿನ ಮೇಲೆ ಸರಿಯಾಗಿ ಕೂರಬೇಕು. ಎರಡು ವರ್ಷದೊಳಗಿನ ಮಕ್ಕಳಿಗೆ ಮಾಸ್ಕ್ ಬೇಡ.

ಕೊರೊನಾವೈರಸ್‌ಗಳ ಮೈಮೇಲೆ ಕೊಬ್ಬಿನ ಪದರವಿದೆ. ಸಾಬೂನು ಅದನ್ನು ಕರಗಿಸುತ್ತದೆ, ವೈರಸ್ ಅಲ್ಲೇ ಹಾಳಾಗುತ್ತದೆ. ದುಬಾರಿ ದ್ರಾವಣ ಬೇಕಿಲ್ಲ. ಬಟ್ಟೆ ಸೋಪಾದರೂ ನಡೆಯುತ್ತದೆ, 20 ಸೆಕೆಂಡು ಉಜ್ಜಿ.

ಔಷಧವಿಲ್ಲದೆ ಒಂದು ದಿನ ಪೂರ್ತಿ ಜ್ವರ ಬಾರದೆ, ಮೈ ಹಗುರಾದ ಮೇಲೆ ಮಗುವನ್ನು ಶಾಲೆಗೆ ಕಳಿಸಬಹುದು. ಅದಾದ ಮೇಲೂ ಒಂದೈದು ದಿನ ವಯಸ್ಸಾದವರ ಹತ್ತಿರ ಮಾಸ್ಕ್ ಇರಲಿ. ‘ಅಟೆಂಡೆನ್ಸ್ ಹೋಗುತ್ತೆ’ ಎಂದು ಜ್ವರದ ಮಾತ್ರೆ ನುಂಗಿಸಿ ಕಳಿಸಬೇಡಿ. ತರಗತಿಯ ಇನ್ನೊಂದು ಮಗುವಿನ ಮನೆಯಲ್ಲೂ ಅಜ್ಜಿ ಇರುತ್ತಾರೆ.

‘ಒಂದು ಸಲ ಬಂದು ಹೋಯಿತು, ಇನ್ನು ಬರಲ್ಲ’ ಎಂದು ಲೆಕ್ಕ ಹಾಕಬೇಡಿ. 1990ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗವೊಂದರಲ್ಲಿ ಸ್ವಯಂಸೇವಕರಿಗೆ 229ಇ ಕೊಟ್ಟು, ಒಂದು ವರ್ಷದ ನಂತರ ಮತ್ತೆ ಅದನ್ನೇ ಕೊಟ್ಟರು. ಮೊದಲು ಸೋಂಕು ತಗುಲಿದ್ದವರಲ್ಲೂ ಹಲವರಿಗೆ ಮತ್ತೆ ತಗುಲಿತು, ಆದರೆ ಅವರಿಗೆ ನೆಗಡಿ ಬರಲಿಲ್ಲ. ಆಮ್‌ಸ್ಟರ್‌ಡ್ಯಾಮಿನಲ್ಲಿ 10 ಜನರ ರಕ್ತವನ್ನು ದಶಕಗಟ್ಟಲೆ ಕೂಡಿಟ್ಟು ನೋಡಿದಾಗಲೂ ಹೀಗೆಯೇ ಕಂಡಿತು, ಒಂದು ವರ್ಷದ ಹೊತ್ತಿಗೆ ಅದೇ ವೈರಸ್ ಮತ್ತೆ ಬರುವುದು ಮಾಮೂಲಿ. ಸೋಂಕು ತಡೆಯುವ ಶಕ್ತಿ ಬೇಗ ಇಳಿಯುತ್ತದೆ, ಕಾಯಿಲೆ ಜೋರಾಗದಂತೆ ತಡೆಯುವ ಶಕ್ತಿ ಹೆಚ್ಚು ದಿನ ಉಳಿಯುತ್ತದೆ. ವಯಸ್ಸಾದವರು ಕೋವಿಡ್, ಫ್ಲೂ, ನ್ಯುಮೋನಿಯಾ ಲಸಿಕೆಗಳ ಬಗ್ಗೆ ಡಾಕ್ಟರನ್ನು ಕೇಳಬೇಕಾದ್ದು ಇದಕ್ಕೇ. ಮನೆ ನಾಯಿಗೆ ಹಾಕಿಸುವ ‘ಕೊರೊನಾ ಲಸಿಕೆ’ ನಾಯಿಯ ಹೊಟ್ಟೆಯ ಬೇರೆ ವೈರಸ್ಸಿನದು, ನಮಗೂ ಅದಕ್ಕೂ ಸಂಬಂಧವಿಲ್ಲ.

ಹೆಜ್ಜೆ 8: ಕೆಮ್ಮು ಉಳಿದುಬಿಟ್ಟರೆ

ಜ್ವರ, ಮೈನೋವು ಹೋದ ಮೇಲೂ ಒಣಕೆಮ್ಮು ಎರಡು ಮೂರು ವಾರ ಇರುವುದುಂಟು. ಶ್ವಾಸನಾಳದ ಒಳಪದರ ಮತ್ತೆ ಸರಿಹೋಗಲು ಅಷ್ಟು ಸಮಯ ಬೇಕು. ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದ್ದರೆ ಬಿಡಿ, ತಾನೇ ಹೋಗುತ್ತದೆ. ಕೋವಿಡ್ ನಂತರ ತಿಂಗಳುಗಟ್ಟಲೆ ಸುಸ್ತು, ಏದುಸಿರು, ಎದೆಬಡಿತ ಉಳಿದರೆ ಅದನ್ನು ಮನಸ್ಸಿನ ಭ್ರಮೆ ಎಂದು ಯಾರಾದರೂ ಹೇಳಿದರೂ ಒಪ್ಪಬೇಡಿ, ಇನ್ನೊಬ್ಬ ಡಾಕ್ಟರಿಗೆ ತೋರಿಸಿ.

ಎರಡು ವಾರ ದಾಟಿದ ಕೆಮ್ಮು ಇಳಿಯುವ ಲಕ್ಷಣ ತೋರದಿದ್ದರೆ, ಸಂಜೆ ಹೊತ್ತು ಸಣ್ಣ ಜ್ವರ, ತೂಕ ಇಳಿಯುವುದು, ರಾತ್ರಿ ಬೆವರುವುದು, ಕಫದಲ್ಲಿ ರಕ್ತ ಕಂಡರೆ ‘ವೈರಲ್ ಇರಬೇಕು’ ಎಂದು ಇನ್ನೊಂದು ಬಾಟಲಿ ಸಿರಪ್ ತರಬೇಡಿ. ಕ್ಷಯ ಇರಬಹುದು. ನಿಮ್ಮ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಫದ ಪರೀಕ್ಷೆಗೆ ವ್ಯವಸ್ಥೆ ಮಾಡುತ್ತಾರೆ. ಪರೀಕ್ಷೆಗೂ ಔಷಧಕ್ಕೂ ದುಡ್ಡಿಲ್ಲ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ಅಥವಾ 104ಕ್ಕೆ ಫೋನ್ ಮಾಡಿ. ಹೋಗುವಾಗ ಮೊದಲ ದಿನ ಬರೆದ ಚೀಟಿಯನ್ನೂ, ತೆಗೆದುಕೊಂಡ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳನ್ನೂ ಜೊತೆಗೆ ಒಯ್ಯಿರಿ.